ಚಾವಣಿಯಿಂದ ಇಳಿಯುವ ತಂಪಿಗೆ ಕೊಡಗಿನ ತೇವದ ಅಡ್ಡಿ

ಒಂದು ತಲೆಮಾರಿನ ಹಿಂದೆ ಮಡಿಕೇರಿಯ ಎಷ್ಟೋ ಅಂಗಡಿ, ಕಚೇರಿಗಳಲ್ಲಿ ಫ್ಯಾನೂ ಇರುತ್ತಿರಲಿಲ್ಲ. ಸುಮಾರು 1,150 ಮೀಟರ್ ಎತ್ತರದ ಊರಿಗೆ ಅದರ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ; ಕೊಡವರ ಪೂರ್ವಿಕರ ಮನೆಗಳಾದ ಐನ್‌ಮನೆಗಳಲ್ಲಂತೂ ದಪ್ಪ ಮಣ್ಣಿನ ಗೋಡೆ, ಹೆಂಚಿನ ಮಾಡು, ನಡುವಿನ ತೆರೆದ ಅಂಗಳಗಳೇ ಬೇಸಿಗೆಯನ್ನು ನಿಭಾಯಿಸುತ್ತಿದ್ದವು. ಈಗ ಗಾಜಿನ ಮುಖ ಹೊತ್ತ ಮಳಿಗೆ, ಹೋಟೆಲುಗಳ ಬೆನ್ನಿಗೆ ಎ.ಸಿ. ಪೆಟ್ಟಿಗೆಗಳು ನೇತಾಡುತ್ತಿವೆ. ಇದರಲ್ಲಿ ಸೆಕೆಗಿಂತ ಗಾಜಿನ ಪಾಲೇ ದೊಡ್ಡದೆಂಬುದು ನನ್ನ ಅನಿಸಿಕೆ. ಚಾವಣಿ, ನೆಲಗಳಲ್ಲಿ ತಣ್ಣೀರು ಹರಿಸುವ ‘ವಿಕಿರಣ ತಂಪು’ ಇಲ್ಲಿ ಎ.ಸಿ.ಗೆ ಬದಲಿಯಾದೀತೇ ಎಂಬುದು ಪ್ರಶ್ನೆ.

ಎ.ಸಿ.ಯ ಚರಿತ್ರೆ ಶುರುವಾದದ್ದೂ ಸೆಕೆಯಿಂದಲ್ಲ, ತೇವದಿಂದ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತಿದ್ದುದರಿಂದ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ 1902ರಲ್ಲಿ ವಿಲ್ಲಿಸ್ ಕ್ಯಾರಿಯರ್, ಗಾಳಿಯನ್ನು ತಣ್ಣನೆಯ ಕೊಳವೆ ಸುರುಳಿಯ ಮೇಲೆ ಹಾಯಿಸಿ ಅದರ ನೀರಿಳಿಸುವ ವ್ಯವಸ್ಥೆಯನ್ನು ರೂಪಿಸಿದರು. ಅಲ್ಲಿಂದಾಚೆಗೆ ತಣಿಸುವುದು ಮತ್ತು ಒಣಗಿಸುವುದು ಒಂದೇ ಯಂತ್ರದ ಕೆಲಸವಾದವು. ದೊಡ್ಡ ಕಟ್ಟಡಗಳಲ್ಲಿ ಇಂದಿಗೂ ನೀರನ್ನು ಸುಮಾರು 7 ಡಿಗ್ರಿಗೆ ಇಳಿಸಿ, ಅದರಿಂದ ತಣಿದ ಗಾಳಿಯನ್ನು ಭಾರಿ ಫ್ಯಾನುಗಳು ಗಾಳಿ ಸಾಗಿಸುವ ಅಗಲ ಕೊಳವೆಗಳಾದ ಡಕ್ಟ್‌ಗಳಲ್ಲಿ ತಳ್ಳುತ್ತವೆ.

ವಿಕಿರಣ ತಂಪು ಈ ಎರಡು ಕೆಲಸಗಳನ್ನು ಬೇರ್ಪಡಿಸಿತು. ಚಾವಣಿಯಲ್ಲೋ ನೆಲದಲ್ಲೋ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿದರೆ, ಒಲೆಯ ಮುಂದೆ ಕೂತಾಗ ಆಗುವುದರ ತಿರುವುಮುರುವು ನಡೆಯುತ್ತದೆ: ಮೈಯ ಶಾಖ ನೇರವಾಗಿ ಆ ತಣ್ಣನೆಯ ಮೇಲ್ಮೈಗೆ ಸಾಗುತ್ತದೆ. ಚಿಲ್ಡ್ ಬೀಮ್ ಎಂಬ ಇನ್ನೊಂದು ವಿಧದಲ್ಲಿ ಮೇಲಿನ ಸುರುಳಿಗೆ ತಾಗಿ ತಣಿದ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ, ಅದು ಗಾಳಿಯ ಚಲನೆಯಿಂದ ಶಾಖ ಸಾಗುವ ಸಂವಹನ. ಸಮಾನ ಗಾತ್ರದ ಗಾಳಿಗಿಂತ ನೀರು 3,000ಕ್ಕೂ ಹೆಚ್ಚು ಪಟ್ಟು ಶಾಖ ಹೊರುವುದರಿಂದ ಫ್ಯಾನಿನ ಬಹುಪಾಲು ದುಡಿಮೆಯನ್ನು ಸಣ್ಣ ಪಂಪು ಮಾಡುತ್ತದೆ. 15–18 ಡಿಗ್ರಿಯ ನೀರೇ ಸಾಕಾಗುವುದರಿಂದ ನೀರು ತಣಿಸುವ ಯಂತ್ರವಾದ ಚಿಲ್ಲರ್‌ಗೂ ಶ್ರಮ ಕಡಿಮೆ. ಹೈದರಾಬಾದಿನ ಪೋಚಾರಂನಲ್ಲಿ ಇನ್ಫೋಸಿಸ್ ಒಂದೇ ಕಟ್ಟಡದ ಒಂದು ಅರ್ಧಕ್ಕೆ ಸಾಂಪ್ರದಾಯಿಕ ಎ.ಸಿ.ಯನ್ನೂ ಇನ್ನೊಂದಕ್ಕೆ ವಿಕಿರಣ ವ್ಯವಸ್ಥೆಯನ್ನೂ ಅಳವಡಿಸಿ ಎರಡು ವರ್ಷ ಅಳೆದಾಗ, ಎರಡನೆಯದು 34% ಕಡಿಮೆ ವಿದ್ಯುತ್ ಬಳಸಿತ್ತು.

ಆದರೆ ಹೈದರಾಬಾದಿನ ಲೆಕ್ಕವನ್ನು ಹಾಗೆಯೇ ಘಟ್ಟ ಹತ್ತಿಸಲಾಗದು. 26 ಡಿಗ್ರಿ ಉಷ್ಣತೆಯ, 80% ಆರ್ದ್ರತೆಯ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ನೀರಾಗಿ ಇಳಿಯತೊಡಗುವ ಉಷ್ಣತೆ, ಸುಮಾರು 22 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ತಣ್ಣೀರಿನ ಲೋಟದಂತೆ ಬೆವರುತ್ತದೆ. ಮಳೆಗಾಲದ ಮಡಿಕೇರಿಯಲ್ಲಿ ಕಿಟಕಿ ತೆರೆದಿಟ್ಟು 16 ಡಿಗ್ರಿಯ ನೀರು ಹರಿಸಿದರೆ ಗಿರಾಕಿಗಳ ತಲೆಯ ಮೇಲೆ ಚಾವಣಿಯೇ ಹನಿಯುತ್ತದೆ. ಹಾಗೆಂದು ತೇವದ ನಾಡಿಗೆ ಇದು ಒಗ್ಗದೆಂದೂ ಅಲ್ಲ: 2006ರಲ್ಲಿ ತೆರೆದ ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ನೆಲವೇ ತಂಪೆರೆಯುತ್ತದೆ, ಒಳಬರುವ ಗಾಳಿಯನ್ನು ಮೊದಲೇ ಬೇರೆಯಾಗಿ ಒಣಗಿಸಲಾಗುತ್ತದೆ.

ತಗ್ಗಿನಲ್ಲಿರುವ, ಮಳೆಯೂ ಕಡಿಮೆಯಿರುವ ಕುಶಾಲನಗರದಲ್ಲಿ ದಿನವಿಡೀ ಜನ ತುಂಬಿರುವ ಆಸ್ಪತ್ರೆ, ಸಭಾಂಗಣಗಳಿಗೆ ತಣಿಸಲೊಂದು, ಗಾಳಿ ಒಣಗಿಸಲೊಂದು ಎಂಬ ಈ ಜೋಡಿ ವ್ಯವಸ್ಥೆ ಹೊಂದೀತು. ಮಡಿಕೇರಿಯಲ್ಲಿ ತಂಪು ಬೇಕಾಗುವುದು ಹೆಚ್ಚೆಂದರೆ ಮಾರ್ಚ್‌ನಿಂದ ಮೇ ತನಕ; ಅಲ್ಲಿ ಕೊಳವೆಗೆ ದುಡ್ಡು ಹಾಕುವ ಮೊದಲು ಗಾಜಿನ ಮುಂದೆ ಮಾಡನ್ನು ಒಂದಿಷ್ಟು ಮುಂಚಾಚಿ ನೋಡುವುದು ಅಗ್ಗ.