ಯಾದಗಿರಿಯ ಗಡಿಯಾರ ಏಳು ನಿಮಿಷ ಹಿಂದಿತ್ತು

ಬೇಸಿಗೆಯ ಒಂದು ಬೆಳಿಗ್ಗೆ ಯಾದಗಿರಿ ಶಾಖೆಯಿಂದ ಫೋನ್ ಬಂತು. ‘ಸರ್, ನಮ್ಮ ಲಾಗಿನ್ ಆಗ್ತದ, ಕಲಬುರಗಿ ಫೈಲ್ ಮಾತ್ರ ತೆರೀವಲ್ದು.’ ನಾನು ಕೆಲಸ ಮಾಡುವ ಸಂಸ್ಥೆಗೆ ಎರಡೂ ಊರಲ್ಲಿ ಕಚೇರಿ ಇದೆ, ನಾನಿರುವುದು ಕಲಬುರಗಿಯಲ್ಲಿ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾದ ಮೇಲೆ ಅಲ್ಲಿನ ಶಾಖೆ ಬೆಳೆಯಿತು, ತನ್ನದೇ ಸರ್ವರ್, ತನ್ನದೇ ಬಳಕೆದಾರರ ಪಟ್ಟಿ ಮಾಡಿಕೊಂಡಿತು. ಅಂದರೆ ಎರಡು ಡೊಮೇನ್. ಪಾಸ್‌ವರ್ಡ್ ಸರಿ ಇತ್ತು, ನೆಟ್ ಸರಿ ಇತ್ತು. ಅರ್ಧ ದಿನ ತಲೆ ಕೆಡಿಸಿಕೊಂಡು ಕೊನೆಗೆ ನೋಡಿದರೆ ಆ ಸರ್ವರ್‌ನ ಗಡಿಯಾರ ಏಳು ನಿಮಿಷ ಹಿಂದೆ ಬಿದ್ದಿತ್ತು. ಹೊಸ ಫೈರ್‌ವಾಲ್ ಹಾಕಿದವರು 123ನೇ ಪೋರ್ಟ್ ಮುಚ್ಚಿದ್ದರು. ಗಡಿಯಾರ ಸರಿ ಮಾಡಿಕೊಳ್ಳುವ ದಾರಿ ಅದೊಂದೇ.

ಗಡಿಯಾರಕ್ಕೂ ಲಾಗಿನ್‌ಗೂ ಏನು ಸಂಬಂಧ? ಇದು ತಿಳಿಯಬೇಕಾದರೆ 1978ಕ್ಕೆ ಹೋಗಬೇಕು. ಆ ವರ್ಷ ಕಂಪ್ಯೂಟರ್ ವಿಜ್ಞಾನಿಗಳಾದ ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ ಒಂದು ಪ್ರಬಂಧ ಬರೆದರು. ದೊಡ್ಡ ನೆಟ್‌ವರ್ಕಿನಲ್ಲಿ ಯಾರ ಗುರುತು ಯಾರಿಗೂ ಇಲ್ಲ. ತಂತಿಯಲ್ಲಿ ಹೋಗುವುದನ್ನೆಲ್ಲ ಯಾರು ಬೇಕಾದರೂ ಕದ್ದು ಕೇಳಬಹುದು. ಹಾಗಿದ್ದಾಗ ಇಬ್ಬರಿಗೂ ಗೊತ್ತಿರುವ ಮೂರನೆಯ ಸರ್ವರ್ ಒಂದು ನಡುವೆ ನಿಂತು, ‘ಇವನು ಇವನೇ’ ಎಂದು ಗುಪ್ತಲಿಪಿಯಲ್ಲಿ ಚೀಟಿ ಬರೆದುಕೊಟ್ಟರೆ ಸಾಕು ಅಂದರು. 1981ರಲ್ಲಿ ಡೊರೊತಿ ಡೆನ್ನಿಂಗ್ ಮತ್ತು ಜಿಯೊವಾನಿ ಸ್ಯಾಕೊ ಇದರಲ್ಲಿ ಒಂದು ತೂತು ತೋರಿಸಿದರು. ಹಳೆಯ ಕೀಲಿಯೊಂದು ಕಳ್ಳನ ಕೈಗೆ ಸಿಕ್ಕರೆ, ಹಳೆಯ ಚೀಟಿಯನ್ನೇ ಮತ್ತೆ ತೋರಿಸಿ ಒಳಗೆ ಬರಬಹುದು. ಅದಕ್ಕೆ ಅವರು ಹೇಳಿದ ಮದ್ದು, ಚೀಟಿಯ ಮೇಲೆ ಹೊತ್ತು ಬರೆಯಿರಿ ಎಂಬುದು.

1983ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, ಕ್ಯಾಂಪಸ್ಸಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಅಥೀನಾ ಯೋಜನೆ ಶುರುವಾಯಿತು. ಅಲ್ಲಿ ಈ ಎರಡೂ ವಿಚಾರ ಸೇರಿ, ನಮ್ಮ ಕಚೇರಿಗಳಲ್ಲೂ ಲಾಗಿನ್ ನೋಡಿಕೊಳ್ಳುವ ಕರ್ಬೆರೋಸ್ ಎಂಬ ವ್ಯವಸ್ಥೆ ಹುಟ್ಟಿತು. ಗ್ರೀಕ್ ಪುರಾಣದ ಮೂರು ತಲೆಯ ಕಾವಲು ನಾಯಿಯ ಹೆಸರು ಅದು. ಚೀಟಿ ತಂದ ಯಂತ್ರದ ಗಡಿಯಾರ ನಮ್ಮದಕ್ಕಿಂತ ಐದು ನಿಮಿಷಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ಇದ್ದರೆ, ಕರ್ಬೆರೋಸ್ ಸಾಮಾನ್ಯವಾಗಿ ‘ನಡೆಯಲ್ಲ’ ಎನ್ನುತ್ತದೆ. ಯಾದಗಿರಿಯ ಕಂಪ್ಯೂಟರುಗಳು ತಮ್ಮ ಸರ್ವರ್ ನೋಡಿಯೇ ಗಡಿಯಾರ ಇಟ್ಟುಕೊಳ್ಳುತ್ತಿದ್ದವು. ಹಾಗಾಗಿ ಅವರೊಳಗೆ ಜಗಳವಿಲ್ಲ. ಗಡಿ ದಾಟಿ ಇಲ್ಲಿಗೆ ಬಂದಾಗಲೇ ತಕರಾರು.

ಗಡಿ ದಾಟುವುದು ಅಂದೆನಲ್ಲ, ನನಗೆ ತುಂಬ ಇಷ್ಟವಾದ ಭಾಗ ಅದೇ. ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ನೋಡಿದವರಿಗೆ ಇದು ಹೊಸದಲ್ಲ. ಮಹಾರಾಷ್ಟ್ರದ ಲಾತೂರಿನ ವ್ಯಾಪಾರಿಗೆ ಆಳಂದದ ರೈತನ ಗುರುತು ಇರುವುದಿಲ್ಲ, ಆದರೆ ಇಲ್ಲಿನ ಅಡತಿಯ, ಅಂದರೆ ದಲ್ಲಾಳಿಯ ಗುರುತು ಇರುತ್ತದೆ, ಹಾಗಾಗಿ ಅಡತಿ ಬರೆದ ಚೀಟಿ ಅಲ್ಲಿ ನಡೆಯುತ್ತದೆ. ಕರ್ಬೆರೋಸ್‌ನಲ್ಲಿ ಯಾದಗಿರಿ ಸರ್ವರ್ ಮತ್ತು ಕಲಬುರಗಿ ಸರ್ವರ್ ಮೊದಲೇ ಕೂತು ತಮ್ಮಿಬ್ಬರಿಗೇ ಗೊತ್ತಿರುವ ಒಂದು ಕೀಲಿ ಇಟ್ಟುಕೊಂಡಿರುತ್ತವೆ. ಯಾದಗಿರಿಯ ಗುಮಾಸ್ತೆ ನಮ್ಮ ಫೈಲ್ ಕೇಳಿದಾಗ, ಅವರ ಸರ್ವರ್ ಆ ಕೀಲಿಯಿಂದ ಬೀಗ ಹಾಕಿದ ಚೀಟಿ ಕೊಡುತ್ತದೆ. ಅದನ್ನು ನಮ್ಮ ಸರ್ವರ್‌ಗೆ ತೋರಿಸಿದರೆ ಅದು ಫೈಲ್ ಸರ್ವರ್‌ಗೆ ತೋರಿಸಲು ಬೇರೆ ಚೀಟಿ ಕೊಡುತ್ತದೆ. ಆಕೆಯ ಪಾಸ್‌ವರ್ಡ್ ಮಾತ್ರ ಯಾದಗಿರಿ ಬಿಟ್ಟು ಹೊರಗೆ ಬರುವುದೇ ಇಲ್ಲ. ಎಲ್ಲದರ ಜೀವ ಇರುವುದು ಇಲ್ಲೇ.

ಆದರೆ ಎಂಐಟಿಯ ಹೊರಗೆ ಮೊದಲು ಬಳಕೆಗೆ ಬಂದ ನಾಲ್ಕನೇ ಆವೃತ್ತಿಯಲ್ಲಿ ಪ್ರತಿ ಜೋಡಿಗೂ ಬೇರೆ ಕೀಲಿ ಬೇಕಿತ್ತು. ಹತ್ತು ಡೊಮೇನ್ ಇದ್ದರೆ 45 ಕೀಲಿ, ಐವತ್ತಿದ್ದರೆ 1225. ಇಷ್ಟು ಕೀಲಿ ಯಾರು ಜೋಪಾನ ಮಾಡುತ್ತಾರೆ ಹೇಳಿ? 1993ರಲ್ಲಿ ಬಂದ ಐದನೇ ಆವೃತ್ತಿ ಪರಿಚಯದವರ ಪರಿಚಯದವರ ಮೂಲಕ ಹೋಗಲು ದಾರಿ ಮಾಡಿತು. ಯಾರ್ಯಾರ ಕೈ ದಾಟಿ ಬಂತೆಂದು ಚೀಟಿಯ ಮೇಲೇ ದಾಖಲಾಗುತ್ತದೆ, ಬೇಡದ ಕೈ ಕಂಡರೆ ತಿರಸ್ಕರಿಸಬಹುದು. ವಿಂಡೋಸ್ 2000 ಇದೇ ಕರ್ಬೆರೋಸ್ ಹಿಡಿದುಕೊಂಡ ಮೇಲೆ ಕಚೇರಿ ಕಚೇರಿಗೆ ಹರಡಿತು.

ವೆಬ್ ಬಂದಾಗ ಮತ್ತೆ ಮೊದಲಿಂದ. 1999ರಲ್ಲಿ ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಎಂಬ ಲಾಗಿನ್ ಸೇವೆ ತಂದು, ಎಲ್ಲ ತಾಣಗಳಿಗೂ ತಾನೇ ಅಡತಿಯಾಗಲು ನೋಡಿತು. ಬೇರೆ ಕಂಪನಿಗಳು ಒಪ್ಪಲಿಲ್ಲ, 2001ರಲ್ಲಿ ಲಿಬರ್ಟಿ ಅಲಯನ್ಸ್ ಎಂಬ ಕೂಟ ಕಟ್ಟಿದವು. 2002ರಲ್ಲಿ ಒಂದು ತಾಣದ ಚೀಟಿ ಇನ್ನೊಂದರಲ್ಲಿ ನಡೆಯುವಂತೆ ಮಾಡುವ ಸ್ಯಾಮಲ್ (SAML) ಎಂಬ ಮಾನದಂಡ ಬಂತು, 2005ರಲ್ಲಿ ಅದರ ಎರಡನೇ ಆವೃತ್ತಿ. ಇದರಲ್ಲಿ ಚೀಟಿಗೆ ಡಿಜಿಟಲ್ ಸಹಿ ಇರುತ್ತದೆ. ಅದರ ಮೇಲೇ ಕಟ್ಟಿದ ಶಿಬೊಲೆತ್ ತಂತ್ರಾಂಶ ಬಳಸಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ಕಾಲೇಜುಗಳಿಗಾಗಿ ಇನ್‌ಫೆಡ್ ಎಂಬ ಲಾಗಿನ್ ಕೂಟ ನಡೆಸುತ್ತಿದೆ. ಸದಸ್ಯ ಕಾಲೇಜಿನ ಹುಡುಗಿ ಹಳ್ಳಿಯ ಮನೆಯಲ್ಲಿ ಕೂತು, ತನ್ನ ಕಾಲೇಜಿನ ಲಾಗಿನ್‌ನಲ್ಲೇ ಎಲ್ಲಿಯದೋ ಪ್ರಕಾಶಕರ ಜರ್ನಲ್ ಓದಬಹುದು. ದೊಡ್ಡ ಊರಿಗೆ ಹೋಗಲಾಗದ ಮಕ್ಕಳಿಗೆ ಇದು ಎಷ್ಟು ದೊಡ್ಡ ಉಪಕಾರ ಅಲ್ವಾ! ಈಗ ಎಲ್ಲೆಲ್ಲೂ ಕಾಣುವ ‘ಗೂಗಲ್ ಮೂಲಕ ಲಾಗಿನ್’ ಗುಂಡಿಯ ಹಿಂದೆ 2014ರ ಓಪನ್‌ಐಡಿ ಕನೆಕ್ಟ್ ಎಂಬ ಮಾನದಂಡ ಇದೆ. ಅನುಕೂಲ ಹೌದು. ಆದರೆ ಊರಿಗೆಲ್ಲ ಒಬ್ಬನೇ ಅಡತಿ ಆದರೆ ಅವನು ಅಂಗಡಿ ಬಾಗಿಲು ಹಾಕಿದ ದಿನ ಎಲ್ಲರ ವ್ಯವಹಾರವೂ ನಿಲ್ಲುತ್ತದೆ. ಅದಕ್ಕೇ ನನಗೆ ಕಾಲೇಜುಗಳು ತಮ್ಮ ಲಾಗಿನ್ ತಮ್ಮಲ್ಲೇ ಇಟ್ಟುಕೊಂಡು ಸೇರುವ ಇನ್‌ಫೆಡ್‌ನಂಥ ಕೂಟವೇ ಹೆಚ್ಚು ಸರಿ ಅನಿಸುತ್ತದೆ.

ಒಂದು ತೊಡಕು ಮಾತ್ರ ಕರ್ಬೆರೋಸ್‌ನಲ್ಲಿ ಇವತ್ತಿಗೂ ಉಳಿದಿದೆ. ಗಂಜಿನಲ್ಲಿ ಒಬ್ಬರ ಮೇಲೆ ನಂಬಿಕೆ ಹೋದರೆ ಅಡತಿ ಲಾತೂರಿಗೆ ಒಂದು ಫೋನ್ ಹಚ್ಚುತ್ತಾನೆ, ಚೀಟಿ ಅಲ್ಲಿಗೇ ಸತ್ತಿತು. ಕರ್ಬೆರೋಸ್‌ನಲ್ಲಿ ಆ ಫೋನ್ ಇಲ್ಲ. ವಿಂಡೋಸ್‌ನಲ್ಲಿ ಚೀಟಿಯ ಆಯುಷ್ಯ ಸಾಮಾನ್ಯವಾಗಿ ಹತ್ತು ಗಂಟೆ. ಯಾದಗಿರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ನಮ್ಮ ಫೈಲ್‌ಗೆ ಚೀಟಿ ಪಡೆದವರ ಖಾತೆಯನ್ನು ಮಧ್ಯಾಹ್ನವೇ ಮುಚ್ಚಿದರೂ, ಆ ಚೀಟಿ ಇಲ್ಲಿ ರಾತ್ರಿ ಎಂಟರವರೆಗೆ ನಡೆಯಬಹುದು. ಅದಕ್ಕೇ ನಾವೀಗ ಯಾರಾದರೂ ಕೆಲಸ ಬಿಟ್ಟರೆ ಅಲ್ಲಿ ಖಾತೆ ಮುಚ್ಚಿದ ಕೂಡಲೇ ಇಲ್ಲಿಯ ಫೈಲುಗಳ ಪಟ್ಟಿಯಿಂದಲೂ ಅವರ ಹೆಸರನ್ನು ಕೈಯಾರೆ ತೆಗೆಯುತ್ತೇವೆ.