ಡ್ರ್ಯಾಗನ್ ಪಳಗೀತು, ತಳಿ ಬದಲಾಗದು

ಫ್ಯಾಂಟಸಿ ಕಥೆ ಬರೆಯುವ ಗೆಳೆಯರೊಬ್ಬರು ಹಸ್ತಪ್ರತಿ ಕಳಿಸಿ, "ಡಾಕ್ಟ್ರೇ, ನನ್ನ ಡ್ರ್ಯಾಗನ್‌ಗಳನ್ನು ಒಮ್ಮೆ ನೋಡಿ" ಎಂದರು. ದನ, ಕುದುರೆ ನೋಡುವ ಪಶುವೈದ್ಯ ನಾನು. ಬೆಂಕಿ ಉಗುಳುವ ರೋಗಿ ಇದುವರೆಗೆ ಬಂದಿಲ್ಲ. ಆದರೂ ಓದಿದೆ. ಅವರ ಲೋಕದಲ್ಲಿ ಡ್ರ್ಯಾಗನ್‌ಗಳನ್ನು ಲಾಯದಲ್ಲಿ ಕಟ್ಟಿ ಸಾಕುತ್ತಾರೆ, ಸೈನಿಕರು ಅವುಗಳ ಮೇಲೆ ಕೂತು ಹಾರುತ್ತಾರೆ. ನನ್ನ ಮೊದಲ ಪ್ರಶ್ನೆ, "ಇವು ಎಷ್ಟನೇ ವರ್ಷಕ್ಕೆ ಮೊಟ್ಟೆ ಇಡುತ್ತವೆ?"

"ನೂರಕ್ಕೆ. ಸಾವಿರ ವರ್ಷ ಬದುಕುತ್ತವಲ್ಲ."

ತೊಡಕು ಇರುವುದೇ ಅಲ್ಲಿ.

ಬೆಂಕಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಬಾಂಬಾರ್ಡಿಯರ್ ಎಂಬ ಜೀರುಂಡೆ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಹೊಟ್ಟೆಯಲ್ಲಿ ಕೂಡಿಟ್ಟಿರುತ್ತದೆ. ಶತ್ರು ಬಂದರೆ ಪಕ್ಕದ ಗಟ್ಟಿ ಗೂಡಿಗೆ ಬಿಟ್ಟು, ಕಿಣ್ವ ಸೇರಿಸಿ ಸಿಡಿಸುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿ! ಸಿಡಿಸುವುದು ಹಿಂಬದಿಯಿಂದ ಅನ್ನುವುದೊಂದೇ ಕಥೆಗಾರರಿಗೆ ಮುಜುಗರ.

ರೆಕ್ಕೆ ಕಷ್ಟ. ಬೆನ್ನೆಲುಬಿನ ಪ್ರಾಣಿಗಳಿಗೆ ಕೈಕಾಲು ನಾಲ್ಕೇ. ಹಕ್ಕಿ, ಬಾವಲಿಗಳು ಮುಂಗಾಲನ್ನೇ ರೆಕ್ಕೆ ಮಾಡಿಕೊಂಡಿವೆ. ಹಾರುವ ಓತಿ ನಾಲ್ಕು ಕಾಲೂ ಉಳಿಸಿಕೊಂಡು, ಪಕ್ಕೆಲುಬು ಚಾಚಿ ಚರ್ಮ ಹರಡುತ್ತದೆ. ಆದರೆ ಅದು ತೇಲುತ್ತದೆ ಅಷ್ಟೇ, ರೆಕ್ಕೆ ಬಡಿಯಲಾರದು. ಹಿಂದೆ ಹಾರಾಡಿದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದಾದ ಕ್ವೆಟ್ಜಾಲ್ಕೋಟ್ಲಸ್‌ನ ರೆಕ್ಕೆಯ ಅಗಲ ಸುಮಾರು 10 ಮೀಟರ್, ತೂಕ 200ರಿಂದ 250 ಕಿಲೋ ಎಂಬ ಅಂದಾಜಿದೆ. ಕುದುರೆಗೆ ಅದರ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಿಸಬೇಡಿ ಅಂತ ನಾನು ಹೇಳುವುದುಂಟು. ಆ ಲೆಕ್ಕದಲ್ಲಿ ಸವಾರ 50 ಕಿಲೋ ಮೀರಬಾರದು, ಕವಚ ಕತ್ತಿ ಎಲ್ಲಾ ಸೇರಿ. ಅದೂ ನೆಲದ ಮೇಲೆ ನಡೆಯುವ ಲೆಕ್ಕ.

ಇನ್ನು ಸಾಕುವ ವಿಷಯ. ಪಳಗಿಸುವುದೇ ಬೇರೆ, ಸಾಕುಪ್ರಾಣಿ ಮಾಡುವುದೇ ಬೇರೆ. ಪಳಗುವುದು ಒಂದು ಪ್ರಾಣಿ. ಸಾಕುಪ್ರಾಣಿ ಆಗಬೇಕಾದದ್ದು ಇಡೀ ತಳಿ. ಅದಕ್ಕೆ ಸಾಧುವಾದವನ್ನೇ ಆರಿಸಿ, ಕೂಡಿಸಿ, ಅವುಗಳ ಮರಿಗಳಲ್ಲಿ ಮತ್ತೆ ಆರಿಸಬೇಕು. 1959ರಲ್ಲಿ ಬೆಲ್ಯಾಯೆವ್ ಎಂಬ ರಷ್ಯಾದ ವಿಜ್ಞಾನಿ ನರಿಗಳಲ್ಲಿ ಇದನ್ನೇ ಶುರು ಮಾಡಿದರು. ಕೆಲವೇ ತಲೆಮಾರಿನಲ್ಲಿ ಮನುಷ್ಯನನ್ನು ಕಂಡು ಬಾಲ ಆಡಿಸುವ ಮರಿಗಳು ಹುಟ್ಟಿದವು. ನರಿಗೆ ವರ್ಷ ತುಂಬುವಷ್ಟರಲ್ಲಿ ಮರಿ ಹಾಕುವ ವಯಸ್ಸು ಬರುತ್ತದೆ, ಹಾಗಾಗಿ ಒಬ್ಬ ಮನುಷ್ಯನ ಆಯುಷ್ಯದಲ್ಲೇ ಫಲ ಕಂಡಿತು. ನೂರು ವರ್ಷಕ್ಕೊಂದು ತಲೆಮಾರಾದರೆ ಹತ್ತು ತಲೆಮಾರಿಗೆ ಸಾವಿರ ವರ್ಷ ಬೇಕು. ಅಷ್ಟರಲ್ಲಿ ರಾಜ್ಯಗಳೇ ಇರುವುದಿಲ್ಲ, ಅಲ್ವಾ?

ಆನೆಯದ್ದೂ ಇದೇ ಕಥೆ. ಗರ್ಭವೇ 22 ತಿಂಗಳು. ಅದಕ್ಕೇ ಸಾವಿರಾರು ವರ್ಷಗಳಿಂದ ಜನ ಕಾಡಿನಿಂದ ಹಿಡಿದು ತಂದೇ ಪಳಗಿಸಿದ್ದಾರೆ. ಚೀತಾದ ಗತಿ ಇನ್ನೂ ವಿಚಿತ್ರ. ಅಕ್ಬರ್ ಬೇಟೆಗೆಂದು ನೂರಾರು ಚೀತಾ ಸಾಕಿದ್ದ. ಸೆರೆಯಲ್ಲಿ ಅವು ಕೂಡುತ್ತಲೇ ಇರಲಿಲ್ಲ. ಒಂದೇ ಒಂದು ಸಲ ಮರಿ ಹುಟ್ಟಿದ್ದನ್ನು ಅವನ ಮಗ ಜಹಾಂಗೀರ್ ಬರೆದಿಟ್ಟಿದ್ದಾನೆ.

ಹಾಗಾಗಿ ಲಾಯ ತೆಗೆದುಬಿಡಿ ಎಂದೆ. ಬದಲಿಗೆ ಗೂಡಿನಿಂದ ಮೊಟ್ಟೆ ಕದ್ದು ತರುವವರು ಇರಲಿ. ಬಾತಿನ ಮರಿ ಹಾಗೆ, ಒಡೆದು ಬಂದ ಡ್ರ್ಯಾಗನ್ ಮರಿ ಮೊದಲು ಕಂಡವರ ಬೆನ್ನು ಹತ್ತಲಿ. ಆದರೆ ಪ್ರಾಯಕ್ಕೆ ಬಂದಾಗ ಗಂಡಾನೆಯ ಹಾಗೆ ಅದಕ್ಕೂ ಮದ ಬರುತ್ತದೆ ಎಂದುಕೊಳ್ಳಿ. ಆಗ ಅದನ್ನು ಸಾಕಿದವನು ಎಂದೋ ಸತ್ತಿರುತ್ತಾನೆ, ಎದುರಿಗಿರುವವನು ಅದರ ನಾಲ್ಕನೆಯ ಮಾವುತ.

ಗೆಳೆಯರು ಈಗ ಮೂರನೇ ಅಧ್ಯಾಯವನ್ನು ಹೊಸದಾಗಿ ಬರೆಯುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ, ಮದ ಎಷ್ಟು ದಿನ ಇರುತ್ತದೆ ಎಂದು ಕೇಳಿದರು.