ಹಗುರ ಸ್ಪೋರ್ಟ್ಸ್ ಕಾರು ನಮ್ಮ ರಸ್ತೆಗೆ ಬಾರದೆ ಉಳಿದ ಬಗೆ

ಮೈಸೂರಿನಲ್ಲಿ ಕಾರು ಕೊಳ್ಳಹೊರಟವರು ಮೊದಲು ಕೇಳುವುದು ಮೈಲೇಜ್ ಎಷ್ಟೆಂದು. ತೂಕ ಎಷ್ಟೆಂದು ವಿಚಾರಿಸುವವರು ಅಪರೂಪ. ಆದರೆ ಮೊದಲ ಪ್ರಶ್ನೆಯ ಉತ್ತರದ ದೊಡ್ಡ ಪಾಲು ಎರಡನೆಯದರಲ್ಲಿಯೇ ಅಡಗಿದೆ. ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದ ಚಾಮುಂಡಿ ಬೆಟ್ಟವನ್ನು 1,500 ಕಿಲೋ ತೂಕದ ಎಸ್‌ಯುವಿ ಏರುತ್ತದೆ ಎನ್ನೋಣ. ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗ ಚಕ್ರಕ್ಕೆ ತಲುಪುತ್ತದೆಂದು ಹಿಡಿದರೆ, ಆ ಎತ್ತರವನ್ನು ಏರುವುದಕ್ಕೇ ಅರ್ಧ ಲೀಟರಿಗಿಂತ ತುಸು ಹೆಚ್ಚು ಇಂಧನ ಬೇಕು. 750 ಕಿಲೋ ಕಾರಿಗೆ ಅದರ ಅರ್ಧ ಸಾಕು.

ಈ ಲೆಕ್ಕವನ್ನೇ ಸ್ಪೋರ್ಟ್ಸ್ ಕಾರಿನ ತಳಹದಿಯಾಗಿಸಿಕೊಂಡವರು ಇಂಗ್ಲೆಂಡಿನ ಲೋಟಸ್ ಕಾರು ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್. 1957ರಲ್ಲಿ ಬಂದ ಅವರ ಲೋಟಸ್ ಸೆವೆನ್ ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಹೊದಿಸಿದ, ಹೆಚ್ಚುಕಡಿಮೆ ಏನೂ ಇಲ್ಲದ ವಾಹನ. ಅದೇ ಸಂಸ್ಥೆ 1996ರಲ್ಲಿ ಹೊರತಂದ ಎಲೀಸ್ ಕಾರಿನ ಅಲ್ಯೂಮಿನಿಯಂ ಚಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಅಂಟಿನಿಂದ ಕೂಡಿಸಲಾಗಿತ್ತು. ಕಾರಿನ ತೂಕ ಸುಮಾರು 725 ಕಿಲೋ ಮಾತ್ರವಾದ್ದರಿಂದ ರೋವರ್ ಕಂಪನಿಯ ಸಾಮಾನ್ಯ 1.8 ಲೀಟರ್ ಎಂಜಿನ್ನೇ ಅದಕ್ಕೆ ಧಾರಾಳವಾಯಿತು. ತಿರುವಿನಲ್ಲಿ ಟೈರು ತಡೆಯಬೇಕಾದ ಬಲ ಕಾರಿನ ತೂಕಕ್ಕೆ ತಕ್ಕಂತೆ ಏರುತ್ತದೆ, ಆದರೆ ಟೈರಿನ ಹಿಡಿತ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಹೀಗಾಗಿ ಹಗುರ ಕಾರು ಸಪೂರ ಟೈರು, ಚಿಕ್ಕ ಬ್ರೇಕುಗಳಲ್ಲಿಯೇ ಚುರುಕಾಗಿ ತಿರುಗುತ್ತದೆ, ಪವರ್ ಸ್ಟೀರಿಂಗ್ ಇಲ್ಲದೆಯೂ ನಡೆಯುತ್ತದೆ.

ಈ ಗುಣಕ್ಕೂ ಎಲ್ಲೆಯಿದೆ. ಬೆಂಗಳೂರು ದಶಪಥದಲ್ಲಿ 100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗುವಾಗ ಇಂಧನ ತಿನ್ನುವುದು ತೂಕಕ್ಕಿಂತ ಹೆಚ್ಚಾಗಿ ಗಾಳಿ: ವೇಗ 80ರಿಂದ 100ಕ್ಕೇರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. ಚಕ್ರಗಳನ್ನು ಹೊರಗೇ ಬಿಟ್ಟ ಸೆವೆನ್‌ನಂಥ ತೆರೆದ ಕಾರು ಅಲ್ಲಿ ಸೋಲುತ್ತದೆ. ಬಳಕೆಯ ಅನುಕೂಲವಂತೂ ಇನ್ನೂ ಕಠಿಣ ಪರೀಕ್ಷೆ. ಇಬ್ಬರು ಕುಳಿತು ಚೀಲವಿಟ್ಟರೆ 725 ಕಿಲೋ ಕಾರಿನ ಒಟ್ಟು ತೂಕ ಐದನೇ ಒಂದು ಭಾಗ ಹೆಚ್ಚಿ ಅದರ ನಡೆಯೇ ಬದಲಾಗುತ್ತದೆ. ಮಂಡ್ಯದ ಹಳ್ಳಿ ರಸ್ತೆಗಳ ಹಂಪ್ಸ್ ಅಂಥ ತಗ್ಗು ಕಾರಿನ ಹೊಟ್ಟೆಗೆ ತಾಗದೆ ಬಿಡುವುದಿಲ್ಲ.

ನಮ್ಮಲ್ಲಿ ಪ್ರಯತ್ನಗಳೇ ಆಗಲಿಲ್ಲವೆಂದಲ್ಲ. ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಡಾಲ್ಫಿನ್ ತಯಾರಿಸಿತು: ಫೈಬರ್‌ಗ್ಲಾಸ್ ಮೈ, 848 ಸಿಸಿ ಎಂಜಿನ್, ಎರಡೇ ಬಾಗಿಲು. ಅದು ಸ್ಪೋರ್ಟ್ಸ್ ಕಾರೆಂದು ಮಾರಾಟವಾದದ್ದಲ್ಲ, ಆದರೂ ರೇಸಿನವರಿಗೆ ಅದರ ಹಗುರತನ ರುಚಿಸಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಎದುರು ಅದು ನಿಲ್ಲಲಿಲ್ಲ. 1998ರಲ್ಲಿ ಸ್ಯಾನ್ ಮೋಟಾರ್ಸ್ ಗೋವಾದಲ್ಲಿ ತಯಾರಿಸಿದ, ರೆನೋ ಎಂಜಿನ್ನಿನ ಎರಡು ಸೀಟಿನ ಸ್ಟಾರ್ಮ್ ಕೂಡ ಬೆರಳೆಣಿಕೆಯವರ ಹವ್ಯಾಸವಾಗಿಯೇ ಉಳಿಯಿತು. ಒಂದೇ ಕಾರಿನಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಹೋಗಬೇಕಾದ ಮನೆಯವರನ್ನು ಇದಕ್ಕಾಗಿ ದೂರುವಂತಿಲ್ಲ.

ಆದರೆ ಸರ್ಕಾರದ ನೀತಿಯೂ ತೂಕದ ಕಡೆ ನೋಡಲಿಲ್ಲ ಎಂಬುದು ನನ್ನ ಆಕ್ಷೇಪ. 2006ರಿಂದ ತೆರಿಗೆ ರಿಯಾಯಿತಿಗೆ ಅಳತೆಗೋಲಾದದ್ದು 4 ಮೀಟರ್ ಉದ್ದ ಮತ್ತು ಎಂಜಿನ್ನಿನ ಗಾತ್ರ. ಕಂಪನಿಗಳು ಆ ಉದ್ದದೊಳಗೇ ಕಾರನ್ನು ಎತ್ತರಿಸಿ ಭಾರವಾಗಿಸಿದವು. ಕಂಪನಿ ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಗೆ ಮಿತಿ ಹಾಕುವ ಕೆಫೆ (CAFE) ನಿಯಮದಲ್ಲಿ ಗುರಿ ನಿಗದಿಯಾಗುವುದೇ ಕಂಪನಿಯ ಕಾರುಗಳ ಸರಾಸರಿ ತೂಕದ ಮೇಲೆ. ಭಾರವಾದ ಕಾರು ಮಾರುವವರಿಗೆ ಗುರಿ ಸಡಿಲ, ತೂಕ ಇಳಿಸಿದವರಿಗೆ ಬಿಗಿ. 1989ರಿಂದ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿ ಎನಿಸಿರುವ ಜಪಾನಿನ ಮಾಜ್ದಾ ಎಂಎಕ್ಸ್-5 ಇಲ್ಲಿ ಮಾರಾಟಕ್ಕೇ ಬರಲಿಲ್ಲ. ಸದ್ಯಕ್ಕೆ ಮೈಸೂರಿನ ಆಸಕ್ತರ ಕೈಗೆಟಕುವುದು ಸ್ವಿಫ್ಟ್‌ನಂಥ ಹ್ಯಾಚ್‌ಬ್ಯಾಕ್. ಒಂದು ಟನ್ನಿಗಿಂತ ಕಡಿಮೆ ತೂಗುವ ಅದು ಈಗಿನ ಎಂಎಕ್ಸ್-5ಗಿಂತ ಹಗುರ, ಜೊತೆಗೆ ಹಿಂದಿನ ಸೀಟೂ ಡಿಕ್ಕಿಯೂ ಇವೆ.